ಎರಿ ಹೊಲದಲ್ಲಿ 186 ಗುಂಡಿಗಳು

ಯಲಬುರ್ಗಾ ತಾಲ್ಲೂಕಿನಲ್ಲಿರುವ ನಮ್ಮ ಹೊಲಕ್ಕೆ ಬೇಲಿ ಹಾಕಬೇಕೆಂಬ ಮಾತು ಮನೆಯಲ್ಲಿ ಎಷ್ಟೋ ವರ್ಷಗಳಿಂದ ಇತ್ತು. ಅಪ್ಪನ ಕಾಲದಲ್ಲಿ ಬಳ್ಳಾರಿ ಜಾಲಿಯ ಕಂಟಿಗಳನ್ನು ಕಡಿದು ಬದುವಿನ ಮೇಲೆ ಒಡ್ಡುತ್ತಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೆದ್ದಲು ಅದನ್ನು ಪುಡಿ ಮಾಡಿಬಿಡುತ್ತಿತ್ತು. ಕಡಲೆ, ಬಿಳಿಜೋಳ ಬೆಳೆಯುವವರೆಗೆ ಅಷ್ಟೇ ಸಾಕಾಗಿತ್ತು. ರಾಶಿ ಮುಗಿದ ಮೇಲೆ ಹೊಲಕ್ಕೆ ಕುರಿ ಬಂದರೆ ನಮಗೇನೂ ನಷ್ಟವಿರಲಿಲ್ಲ; ಕುರಿಗಾರರಿಗೆ ಕಾಳು ಕೊಟ್ಟು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಗೊಬ್ಬರ ಮಾಡಿಕೊಳ್ಳುವ ಸೀಮೆ ನಮ್ಮದು. ಆದರೆ ಲಿಂಬೆ ಸಸಿ ಹಚ್ಚುವ ನಿರ್ಧಾರ ಮಾಡಿದ ಮೇಲೆ ಅದೇ ಕುರಿ, ಆಡು, ದನಗಳು ಬೇರೆಯೇ ಲೆಕ್ಕಕ್ಕೆ ಬಂದವು. ಚಿಗರಿಗಳ ಹಿಂಡು ನಮ್ಮ ಕಡೆ ಉಂಟಾದರೂ ಅವುಗಳನ್ನು ತಡೆಯುವ ಬೇಲಿ ಬೇರೆ, ಅದರ ಖರ್ಚೂ ಬೇರೆ. ನಾನು ಹಾಕಲು ಹೊರಟದ್ದು ದನಕರುಗಳು ನುಗ್ಗದಂತೆ ತಡೆಯುವ ಸಾದಾ ಮುಳ್ಳುತಂತಿಯ ಬೇಲಿ.

ಹೊಲದ ಉದ್ದ 528 ಅಡಿ, ಅಗಲ 330 ಅಡಿ. ಅಂದರೆ ಸರಿಯಾಗಿ ನಾಲ್ಕು ಎಕರೆ. ಸುತ್ತಳತೆ 1,716 ಅಡಿಯಾಗುವುದರಿಂದ ಹತ್ತು ಅಡಿಗೊಂದರಂತೆ 172 ಕಂಬಗಳು, ನಾಲ್ಕು ಮೂಲೆಗಳಿಗೆ ಎರಡೆರಡರಂತೆ ಎಂಟು ಆಸರೆ ಕಂಬಗಳು, ಉದ್ದನೆಯ ಸಾಲುಗಳ ನಡುವೆ ತಂತಿಯ ಬಿಗಿತ ತಡೆಯಲು ಇನ್ನೂ ಆರು, ಒಟ್ಟು 186 ಗುಂಡಿಗಳು ಬೇಕಾದವು. ಹೊರಗಿನವರು ಇಳಕಲ್ ಗ್ರಾನೈಟ್ ಎಂದು ಕರೆಯುವ ಕೆಂಪು ಕಲ್ಲಿನ ಗಣಿಗಳು ಪಕ್ಕದ ಕುಷ್ಟಗಿ ತಾಲ್ಲೂಕಿನಲ್ಲಿಯೂ ಇರುವುದರಿಂದ ನಮ್ಮಲ್ಲಿ ಕಲ್ಲುಕಂಬಕ್ಕೆ ಕೊರತೆಯಿಲ್ಲ. ಏಳು ಅಡಿ ಉದ್ದದ, ಸುಮಾರು ಐದು ಇಂಚು ಚೌಕದ ಕಂಬಗಳನ್ನು ತರಿಸಿದೆ. ಒಂದೊಂದರ ತೂಕ ತೊಂಬತ್ತು ಕಿಲೋದ ಆಸುಪಾಸು ಇರುವುದರಿಂದ ಇಬ್ಬರು ಹೊತ್ತು ತಂದು ಮೂರನೆಯವನು ಬುಡ ಹಿಡಿದು ಗುಂಡಿಗೆ ಇಳಿಸಬೇಕಾಗುತ್ತದೆ. ಐದು ಅಡಿ ಮೇಲೆ, ಎರಡು ಅಡಿ ನೆಲದೊಳಗೆ ಎಂಬುದು ಲೆಕ್ಕ. ಕಂಬದ ಕೆಳಗೆ ಮೂರು ಇಂಚು ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಹಾಸಬೇಕೆಂದು ಗುಂಡಿಯ ಆಳವನ್ನು ಇಪ್ಪತ್ತೇಳು ಇಂಚು ಎಂದು ಇಟ್ಟುಕೊಂಡೆ.

ನಾನು ಸಿವಿಲ್ ಡಿಪ್ಲೊಮಾ ಓದಿ ಕೆಲವು ವರ್ಷ ರಸ್ತೆ ಕೆಲಸಗಳಲ್ಲಿ ದುಡಿದವನು. ಎರಿ ಮಣ್ಣಿನ, ಅಂದರೆ ಕಪ್ಪು ಜೇಡಿಮಣ್ಣಿನ, ಮೇಲೆ ರಸ್ತೆ ಮಾಡುವಾಗ ಅದನ್ನು ಕಿತ್ತೆಸೆದು ಗರಸು ತುಂಬಿಸಿದ್ದೇನೆ. ಈ ಮಣ್ಣು ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗಿ ಬಾಯಿ ಬಿಡುವುದು, ಅದಕ್ಕೆ ಕಾರಣವಾದ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ, ಇವೆಲ್ಲ ಪರೀಕ್ಷೆಗೆ ಬರೆದ ವಿಷಯಗಳು. ಇಷ್ಟೆಲ್ಲ ಗೊತ್ತಿದ್ದೂ ಯುಗಾದಿ ಕಳೆದ ವಾರ, ನೆಲ ಕಾದ ಹಂಚಿನಂತಿದ್ದಾಗ, ಗುಂಡಿ ತೆಗೆಯುವ ಯಂತ್ರವನ್ನು ಬಾಡಿಗೆಗೆ ಕರೆಸಿದೆ. ಬೇಸಿಗೆಯಲ್ಲಿ ಹೊಲ ಖಾಲಿ ಇರುತ್ತದೆ, ಆಳುಗಳು ಸಿಗುತ್ತಾರೆ, ಟ್ರ್ಯಾಕ್ಟರ್ ಹೂಳುವುದಿಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಹಾರಿ (ಹಾರೆ) ಹಿಡಿದ ಆಳು ಆ ನೆಲದಲ್ಲಿ ದಿನಕ್ಕೆ ಎಂಟು ಗುಂಡಿ ತೆಗೆದರೆ ಹೆಚ್ಚು. ಯಂತ್ರಕ್ಕೆ ಅದು ಅರ್ಧ ತಾಸಿನ ಕೆಲಸ ಎಂದು ನಂಬಿದ್ದೆ.

ಯಂತ್ರದ ರಚನೆ ಸರಳವಾಗಿದೆ. ಟ್ರ್ಯಾಕ್ಟರಿನ ಹಿಂದಿನ ಮೂರು ಕೊಂಡಿಗಳಿಗೆ ಒಂದು ಕಬ್ಬಿಣದ ತೋಳನ್ನು ಸಿಕ್ಕಿಸಿರುತ್ತಾರೆ. ತೋಳಿನ ತುದಿಯಲ್ಲಿ ಗೇರ್‌ಬಾಕ್ಸ್, ಅದರ ಕೆಳಗೆ ಸುರುಳಿ ರೆಕ್ಕೆಯಿರುವ ಬಿಟ್ ನೇತಾಡುತ್ತದೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಟ್ರ್ಯಾಕ್ಟರಿನ ಪಿ.ಟಿ.ಓ. ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗಿದರೆ ಗೇರ್‌ಬಾಕ್ಸ್ ಅದನ್ನು ಮೂರರಲ್ಲೊಂದು ಪಾಲಿನಷ್ಟಕ್ಕೆ ಇಳಿಸಿ ಬಿಟ್ಟಿಗೆ ಕೊಡುತ್ತದೆ. ಬಿಟ್ಟಿನ ತುದಿಯಲ್ಲಿ ಮೊನೆ, ಅದರ ಎರಡೂ ಬದಿಗೆ ಮಣ್ಣು ಕೆರೆಯುವ ಹಲ್ಲುಗಳು. ನಮಗೆ ಬಂದ ಯಂತ್ರದ ಜೊತೆ ಒಂಬತ್ತು ಇಂಚಿನದೊಂದು, ಹನ್ನೆರಡು ಇಂಚಿನದೊಂದು ಬಿಟ್ ಇದ್ದವು. ಸಾಲಿನ ಕಂಬಗಳಿಗೆ ಒಂದು ಗೇಣಗಲದ ಒಂಬತ್ತು ಇಂಚಿನದು, ಮೂಲೆಗಳಿಗೆ ಹನ್ನೆರಡು ಇಂಚಿನದು ಎಂದು ಗೊತ್ತು ಮಾಡಿದೆವು.

ಮೊದಲ ಗುಂಡಿಯಲ್ಲಿ ಬಿಟ್ ನಾಲ್ಕು ಇಂಚು ಇಳಿದು ಅಲ್ಲಿಯೇ ನಿಂತು ತಿರುಗತೊಡಗಿತು. ಸುರುಳಿಯಲ್ಲಿ ಮಣ್ಣು ಮೇಲೇರಿ ಬರಲಿಲ್ಲ. ಬಂದದ್ದು ಹಿಟ್ಟಿನಂಥ ದೂಳು. ಅದನ್ನು ಕೈಯಿಂದ ಸರಿಸಿ ನೋಡಿದರೆ ತಳ ಗಚ್ಚಿನ ನೆಲದಂತೆ ಹೊಳೆಯುತ್ತಿತ್ತು; ಹಲ್ಲುಗಳು ನೆಲವನ್ನು ಕತ್ತರಿಸುವ ಬದಲು ಉಜ್ಜಿ ಪಾಲಿಶ್ ಮಾಡಿದ್ದವು. ಇಲ್ಲಿ ಯಂತ್ರದ ಒಂದು ಮಿತಿ ನನಗೆ ಅರ್ಥವಾಯಿತು. ನಮ್ಮ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ತೋಳುಗಳು ಭಾರವನ್ನು ಎತ್ತುತ್ತವೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ. ಬಿಟ್ ನೆಲಕ್ಕಿಳಿಯುವುದು ತನ್ನ ಮತ್ತು ತೋಳಿನ ತೂಕದಿಂದ ಮಾತ್ರ. ಮೊನೆಗೆ ನೆಲ ಕಚ್ಚಿಕೊಂಡರೆ ಅದು ತಿರುಪಿನ ಮೊಳೆಯಂತೆ ತನ್ನನ್ನು ತಾನೇ ಎಳೆದುಕೊಂಡು ಇಳಿಯುತ್ತದೆ, ಕಚ್ಚಿಕೊಳ್ಳದಿದ್ದರೆ ಟ್ರ್ಯಾಕ್ಟರಿನ ಶಕ್ತಿ ಎಷ್ಟಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಚಾಲಕನ ಜೊತೆ ಬಂದಿದ್ದ ಹುಡುಗ ಈ ಕಷ್ಟ ಮೊದಲೇ ಕಂಡವನಿರಬೇಕು, ಯಾರೂ ಹೇಳದೆಯೇ ತೋಳಿನ ಮೇಲೆ ಹತ್ತಿ ನಿಂತ. ಅವನನ್ನು ಕೆಳಗಿಳಿಸಲು ನಾನು ಕೂಗಾಡಬೇಕಾಯಿತು. ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುವ ಶಾಫ್ಟ್ ಅವನ ಪಾದದ ಪಕ್ಕದಲ್ಲಿತ್ತು, ಅದರ ಮೇಲಿನ ಪ್ಲಾಸ್ಟಿಕ್ ಕವಚ ಎಂದೋ ಒಡೆದು ಹೋಗಿತ್ತು, ಹುಡುಗನ ಹೆಗಲ ಮೇಲಿನ ಟವೆಲ್ ಜೋತಾಡುತ್ತಿತ್ತು. ಬಟ್ಟೆಯ ಚುಂಗು ಸಿಕ್ಕಿತೆಂದರೆ ಕೈ ಬಿಡಿಸಿಕೊಳ್ಳುವಷ್ಟು ಸಮಯವನ್ನು ಆ ಶಾಫ್ಟ್ ಕೊಡುವುದಿಲ್ಲ. ಅಂದಿನಿಂದ ಯಂತ್ರದ ಹತ್ತಿರ ಟವೆಲ್, ಲುಂಗಿ, ಸಡಿಲ ತೋಳಿನ ಅಂಗಿ ಬೇಡ, ತೋಳಿನ ಮೇಲೆ ಯಾರೂ ಹತ್ತಬಾರದು ಎಂದು ಕಟ್ಟು ಮಾಡಿದೆ. ಇದಕ್ಕೆ ಚಾಲಕ ನಕ್ಕ, ನಗಲಿ.

ಹನ್ನೊಂದು ಕಡೆ ಪ್ರಯತ್ನಿಸಿದೆವು. ಹಾರಿಯಿಂದ ಕುಟ್ಟಿ ಸಡಿಲ ಮಾಡುವುದು, ಬಿಟ್ ಇಳಿಸುವುದು, ಮತ್ತೆ ಕುಟ್ಟುವುದು, ಹೀಗೆ ನಾಲ್ಕು ತಾಸು ಕಳೆದಾಗ ಏಳು ಗುಂಡಿಗಳು ಮಾತ್ರ ಪೂರ್ತಿಯಾಗಿದ್ದವು. ಬಿಟ್ ಮತ್ತು ಗೇರ್‌ಬಾಕ್ಸ್ ನಡುವಿನ ಶಿಯರ್ ಬೋಲ್ಟ್ ಎರಡು ಸಲ ತುಂಡಾಯಿತು. ಎರಡನೆಯ ಸಲ ಚಾಲಕ ಗಟ್ಟಿ ಉಕ್ಕಿನ ಬೋಲ್ಟ್ ಹಾಕಲು ಹೊರಟಾಗ ತಡೆದೆ. ಆ ಬೋಲ್ಟ್ ಇರುವುದೇ ಮುರಿಯುವುದಕ್ಕೆ. ಬಿಟ್ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡಾಗ ಹತ್ತಿಪ್ಪತ್ತು ರೂಪಾಯಿಯ ಬೋಲ್ಟ್ ಹೋಗಿ ಸಾವಿರಾರು ರೂಪಾಯಿಯ ಗೇರು ಉಳಿಯಲೆಂದೇ ಅದನ್ನು ಮೆತ್ತನೆಯ ಕಬ್ಬಿಣದಲ್ಲಿ ಮಾಡಿರುತ್ತಾರೆ. ಕೊನೆಗೆ ಚಾಲಕ ಎಂಜಿನ್ ನಿಲ್ಲಿಸಿ, “ಅಣ್ಣಾರ, ಇದು ಮಣ್ಣಲ್ರಿ, ಕಲ್ಲು” ಎಂದು ಹೇಳಿ, ತಾಸಿನ ಲೆಕ್ಕದಲ್ಲಿ ಬಾಡಿಗೆ ತೆಗೆದುಕೊಂಡು ಹೋದ. ಗುಂಡಿ ಲೆಕ್ಕದಲ್ಲಿ ಮಾತಾಡದೆ ತಾಸಿನ ಲೆಕ್ಕಕ್ಕೆ ಒಪ್ಪಿದ್ದು ನನ್ನದೇ ತಪ್ಪು. ಆಗಿದ್ದ ಏಳು ಗುಂಡಿಗಳಲ್ಲಿ ಅದೇ ದಿನ ಕಂಬ ನಿಲ್ಲಿಸಿ, ಕೈಗೆ ಸಿಕ್ಕ ಎರಿ ಹೆಂಟೆಗಳನ್ನೇ ತುಂಬಿ ಕುಟ್ಟಿದೆವು. ಏನಾದರೂ ಕೆಲಸವಾಯಿತೆಂದು ಕಣ್ಣಿಗೆ ಕಾಣಬೇಕಾಗಿತ್ತು, ಅಷ್ಟೇ.

ನೀರು ಹಾಕಿ ನೆನೆಸಿದರೆ ಆಯಿತಲ್ಲ ಎಂಬ ಸಲಹೆಯನ್ನು ಊರಿನಲ್ಲಿ ಹತ್ತು ಜನ ಕೊಟ್ಟರು, ನನಗೂ ಅದು ಸರಿಯೆನಿಸಿತು. ಗುರುತು ಮಾಡಿದ ಇಪ್ಪತ್ತು ಜಾಗಗಳಲ್ಲಿ ಹಾರಿಯಿಂದ ಅರ್ಧ ಅಡಿ ಕುಳಿ ತೋಡಿ, ಸಂಜೆ ಟ್ಯಾಂಕರಿನಿಂದ ಎರಡೆರಡು ಕೊಡ ನೀರು ಸುರಿಸಿದೆ. ನೀರು ನಿಲ್ಲಲೇ ಇಲ್ಲ. ಬೇಸಿಗೆಯ ಎರಿ ನೆಲದಲ್ಲಿ ಕೈ ತೂರುವಷ್ಟು ಬಿರುಕುಗಳಿರುತ್ತವೆ; ಸುರಿದ ನೀರೆಲ್ಲ ಕುಳಿಯ ಮಗ್ಗುಲಿನ ಬಿರುಕು ಹಿಡಿದು ಎಲ್ಲಿಗೋ ಇಳಿದು ಹೋಯಿತು. ಮತ್ತೆ ಎರಡು ಕೊಡ, ಮರುದಿನ ಮತ್ತೆ ಎರಡು ಕೊಡ ಹಾಕಿದ ಮೇಲೆ ಬಿರುಕಿನ ಬಾಯಿ ಉಬ್ಬಿ ಮುಚ್ಚಿಕೊಂಡಿತು, ಆಗ ನೀರು ನಿಂತಿತು. ಆದರೆ ನಿಂತ ನೀರು ಕೆಳಗೆ ಇಳಿಯಲಿಲ್ಲ. ಉಬ್ಬಿದ ಜೇಡಿಮಣ್ಣು ನೀರನ್ನು ದಾಟಗೊಡುವುದು ಬಹಳ ನಿಧಾನ. ಕೆರೆಯ ಒಡ್ಡಿನ ನಡುವೆ ಅದನ್ನು ತುಂಬುವುದೂ ಇದೇ ಗುಣಕ್ಕಾಗಿ. ಮೂರನೆಯ ದಿನ ನೋಡಿದಾಗ ಮೇಲಿನ ಒಂದು ಗೇಣು ಅಂಬಲಿ, ಅದರ ಕೆಳಗೆ ಮೊದಲಿನ ಕಲ್ಲು.

ಆದರೂ ಯಂತ್ರ ಮತ್ತೆ ಬಂದಿತ್ತು. ಎಂಟು ಗುಂಡಿಗಳು ಹೇಗೋ ಆದವು. ಪ್ರತಿ ಸಲ ಬಿಟ್ ಮೇಲೆತ್ತಿದಾಗ ಸುರುಳಿಯ ತುಂಬ ಮಣ್ಣು ಹಲಗೆಯಂತೆ ಅಂಟಿಕೊಂಡಿರುತ್ತಿತ್ತು, ಎಷ್ಟು ತಿರುಗಿಸಿದರೂ ಉದುರುತ್ತಿರಲಿಲ್ಲ, ಎಂಜಿನ್ ನಿಲ್ಲಿಸಿ ಸಲಿಕೆಯಿಂದ ಕೆರೆಯಬೇಕಾಗುತ್ತಿತ್ತು. ಒಂಬತ್ತನೆಯದು ಬಿರುಕಿನ ಮೇಲೆಯೇ ಬಿದ್ದಿತ್ತೆಂದು ಕಾಣುತ್ತದೆ, ನೀರು ಆಳಕ್ಕೆ ಹೋಗಿತ್ತು. ಚಾಲಕ ಬೇಸರದಿಂದ ಬಿಟ್ಟನ್ನು ಒಂದೇ ಉಸುರಿಗೆ ಇಳಿಯಬಿಟ್ಟ. ಅದು ತಿರುಪಿನಂತೆ ಎರಡು ಅಡಿ ಒಳಹೊಕ್ಕು, ಬಿಗಿದು ನಿಂತಿತು. ಹೈಡ್ರಾಲಿಕ್ ಲಿವರ್ ಎತ್ತಿದರೆ ಬಿಟ್ ಮೇಲೆ ಬರಲಿಲ್ಲ, ಬದಲಿಗೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟವು. ಆ ಟ್ರ್ಯಾಕ್ಟರಿನ ಪಿ.ಟಿ.ಓ.ಗೆ ಹಿಮ್ಮುಖ ತಿರುಗುವ ಗೇರಿರಲಿಲ್ಲ. ಶಾಫ್ಟಿನ ಸಂಪರ್ಕ ತಪ್ಪಿಸಿ, ಎಂಜಿನ್ ನಿಲ್ಲಿಸಿ, ಬೋರ್‌ವೆಲ್ ಪೈಪ್ ಬಿಚ್ಚುವ ದೊಡ್ಡ ಪಾನಾ ತರಿಸಿ, ಅದರ ಹಿಡಿಕೆಗೆ ಉದ್ದದ ಪೈಪ್ ತೂರಿಸಿ, ಮೂವರು ಸೇರಿ ಬಿಟ್ಟನ್ನು ಕೈಯಿಂದ ಹಿಂದಕ್ಕೆ ತಿರುವಿದೆವು. ಸುತ್ತಲೂ ಹಾರಿಯಿಂದ ಬಿಡಿಸಿ, ನಾಲ್ಕು ಸುತ್ತು ಹಿಂದಕ್ಕೆ ತಿರುವಿದ ಮೇಲೆ ಹೈಡ್ರಾಲಿಕ್ ಅದನ್ನು ಎತ್ತಿತು. ಒಂದೂವರೆ ತಾಸು ಆ ಒಂದು ಗುಂಡಿಗೆ ಹೋಯಿತು.

ಬದುವಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಹೊಲದ ಹಿರಿಯರು ಎದ್ದು ಬಂದು, “ತಮ್ಮಾ, ಬಿತ್ತಾಕ ಹದಾ ನೋಡ್ತಿ, ಕುಂಟಿ ಹೊಡಿಯಾಕ ಹದಾ ನೋಡ್ತಿ, ಗುಂಡಿ ತೆಗಿಯಾಕ ಯಾಕ ನೋಡಂಗಿಲ್ಲ?” ಎಂದರು. ರೋಹಿಣಿ ಮಳೆ ಆಗುವವರೆಗೆ ಯಂತ್ರವನ್ನು ಹೊಲದೊಳಗೆ ಬಿಡಬೇಡವೆಂದೂ ಹೇಳಿದರು.

ಅವರ ಮಾತು ಕೇಳಿದಾಗ ನನಗೆ ಓದುವ ದಿನಗಳ ಪ್ರಯೋಗಶಾಲೆ ನೆನಪಾಯಿತು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಆಟರ್‌ಬರ್ಗ್ 1911ರಲ್ಲಿ ಜೇಡಿಮಣ್ಣಿನ ಸ್ಥಿತಿಗಳನ್ನು ನೀರಿನ ಪ್ರಮಾಣದ ಮೇಲೆ ವಿಂಗಡಿಸುವ ಕ್ರಮವನ್ನು ಪ್ರಕಟಿಸಿದ. ಇಂದಿಗೂ ಸಿವಿಲ್ ವಿದ್ಯಾರ್ಥಿಗಳು ಗಾಜಿನ ಮೇಲೆ ಒದ್ದೆ ಮಣ್ಣನ್ನು ಅಂಗೈಯಿಂದ ಹೊಸೆದು ಮೂರು ಮಿಲಿಮೀಟರ್ ದಪ್ಪದ ದಾರ ಮಾಡುತ್ತಾರೆ. ದಾರ ಆ ದಪ್ಪಕ್ಕೆ ಬಂದಾಗ ಬಿರುಕು ಬಿಟ್ಟು ತುಂಡಾಗತೊಡಗಿದರೆ ಮಣ್ಣು ಪ್ಲಾಸ್ಟಿಕ್ ಮಿತಿಯಲ್ಲಿದೆ ಎಂದು ಬರೆದುಕೊಳ್ಳುತ್ತಾರೆ. ಅದಕ್ಕಿಂತ ಒಣಗಿದ್ದರೆ ಮಣ್ಣು ಒಡೆಯುತ್ತದೆ, ಹೆಚ್ಚು ಒದ್ದೆಯಿದ್ದರೆ ಹಿಟ್ಟಿನಂತೆ ಅಂಟುತ್ತದೆ. ಹಿರಿಯರು ಹದ ನೋಡುವ ಕ್ರಮವೆಂದರೆ ಒಂದು ಮೊಳ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ ಎದೆಯೆತ್ತರದಿಂದ ಬಿಡುವುದು. ಉಂಡೆ ನಾಲ್ಕೈದು ಚೂರಾದರೆ ಹದ, ಪುಡಿಯಾದರೆ ಒಣ, ರೊಟ್ಟಿಯಂತೆ ಚಪ್ಪಟೆಯಾಗಿ ಅಂಟಿದರೆ ಇನ್ನೂ ಹಸಿ. ಇಬ್ಬರೂ ಹುಡುಕುತ್ತಿದ್ದುದು ಹೆಚ್ಚುಕಡಿಮೆ ಒಂದೇ ಸ್ಥಿತಿಯನ್ನು. ದಾರ ಹೊಸೆದು ಅಂಕ ಪಡೆದಿದ್ದ ನಾನು ಸ್ವಂತ ಹೊಲದಲ್ಲಿ ಒಂದು ಹಿಡಿ ಮಣ್ಣು ಎತ್ತಿ ನೋಡಿರಲಿಲ್ಲ.

ನಮ್ಮ ಸೀಮೆಯಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಹೆಚ್ಚು ಪಾಲು ಬರುವುದು ಸೆಪ್ಟೆಂಬರ್ ಹೊತ್ತಿಗೆ. ಹೀಗಾಗಿ ಮುಂಗಾರಿನ ಆರಂಭದ ಮಳೆಗಳ ಮೇಲೆ ಭರವಸೆ ಇಡುವಂತಿಲ್ಲ. ಆ ವರ್ಷ ರೋಹಿಣಿಯಲ್ಲೊಂದು, ಮೃಗಶಿರದಲ್ಲೊಂದು ದೊಡ್ಡ ಮಳೆಯಾದವು. ಮಳೆಯ ನೀರು ಬಿರುಕುಗಳ ಮೂಲಕ ಮೊದಲು ತಳಕ್ಕಿಳಿದು, ನೆಲ ಕೆಳಗಿನಿಂದಲೂ ಮೇಲಿನಿಂದಲೂ ನೆನೆದು, ನಂತರ ಬಿರುಕುಗಳು ಮುಚ್ಚಿಕೊಂಡವು. ಟ್ಯಾಂಕರಿನ ನೀರು ಮಾಡಲಾರದ ಕೆಲಸ ಇದೇ. ಇಪ್ಪತ್ತು ಕುಳಿಗಳನ್ನು ನೆನೆಸಲು ಹೋದವನ ನೀರನ್ನು ಸುತ್ತಲಿನ ನಾಲ್ಕು ಎಕರೆ ಒಣ ನೆಲ ಹೀರಿಕೊಂಡಿತ್ತು. ಎರಡನೆಯ ಮಳೆಯಾದ ಮರುದಿನವೇ ನಾನು ಅವಸರ ಮಾಡಿದೆ, ಹಿರಿಯರು ಬಿಡಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅವರೇ ಹಾರಿ ತಂದು ನೆಲಕ್ಕೆ ಚುಚ್ಚಿ, ಒಂದು ಮೊಳ ಇಳಿದದ್ದನ್ನು ತೋರಿಸಿ, ಉಂಡೆ ಮಾಡಿ ಬಿಟ್ಟರು. ಐದು ಚೂರಾಯಿತು.

ಹಿಂದಿನ ಸಂಜೆ ಹುರಿ ಕಟ್ಟಿ ಗುರುತು ಮಾಡಿದ್ದೆವು. ಬಿಟ್ ಎತ್ತಿ ಚೆಲ್ಲುವ ಮಣ್ಣು ಸುಣ್ಣದ ಗುರುತನ್ನೂ ಹುರಿಯನ್ನೂ ಮುಚ್ಚಿಬಿಡುತ್ತದೆಂಬುದನ್ನು ಮೊದಲ ಎರಡು ಸಲ ಕಲಿತಿದ್ದರಿಂದ, ಈ ಸಲ ಕಂಬದ ಸಾಲಿಗೆ ಸರಿಯಾಗಿ ಮೂರು ಅಡಿ ಒಳಗೆ ಇನ್ನೊಂದು ಹುರಿ ಕಟ್ಟಿ, ಅಲ್ಲಿಂದ ಮೂರು ಅಡಿ ಕೋಲಿನಿಂದ ಅಳೆದು ನಡುವನ್ನು ಹಿಡಿದೆವು. ಬದುವಿನ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಒಂದು ಬದಿಗೆ ವಾಲಿ ನಿಂತರೆ ಗುಂಡಿಯೂ ಓರೆಯಾಗುವುದರಿಂದ, ಅಂಥ ಕಡೆ ಇಳಿಜಾರಿನ ಬದಿಯ ಗಾಲಿಯ ಕೆಳಗೆ ಹಲಗೆ ಹಾಕಿದೆವು. ಎತ್ತುವ ತೋಳು ಕಮಾನಿನಂತೆ ಇಳಿಯುವುದರಿಂದ ಆಳಕ್ಕೆ ಹೋದಂತೆ ಬಿಟ್ಟಿನ ತಲೆ ಟ್ರ್ಯಾಕ್ಟರಿನತ್ತ ಸರಿಯುತ್ತದೆ. ಒಳ್ಳೆಯ ಚಾಲಕ ಕ್ಲಚ್ ಮೇಲೆ ಕಾಲಿಟ್ಟು ಅಂಗುಲದಷ್ಟು ಅತ್ತಿತ್ತ ಸರಿದು ಅದನ್ನು ನೆಟ್ಟಗೆ ಇಟ್ಟುಕೊಳ್ಳುತ್ತಾನೆ. ಈ ವಿಷಯದಲ್ಲಿ ನಮ್ಮ ಚಾಲಕನ ಕೈ ಬಹಳ ಚೆನ್ನಾಗಿತ್ತು ಎಂದು ಹೇಳಲೇಬೇಕು. ಬೇಸಿಗೆಯಲ್ಲಿ ನಾನು ಅವನ ಮೇಲೆ ಹಾಕಿದ್ದ ದೂರುಗಳಲ್ಲಿ ಅರ್ಧದಷ್ಟು ನೆಲದ ಮೇಲೆ ಹಾಕಬೇಕಾದವುಗಳು.

ಬಿಟ್ ಅರ್ಧ ಅಡಿ ಇಳಿದೊಡನೆ ಎತ್ತಿ, ಮೇಲೆಯೇ ತಿರುಗಿಸಿ ಮಣ್ಣು ಉದುರಿಸಿ, ಮತ್ತೆ ಇಳಿಸುವುದು ಎಂಬ ಕ್ರಮಕ್ಕೆ ಅವನು ಈಗ ತಾನಾಗಿಯೇ ಒಗ್ಗಿದ್ದ. ಎಂಜಿನ್ ವೇಗವನ್ನೂ ಅರ್ಧಕ್ಕೆ ಇಳಿಸಿದ್ದ. ಜೇಡಿಮಣ್ಣಿನಲ್ಲಿ ನಿಧಾನವಾಗಿ ತಿರುಗುವ ಹಲ್ಲು ಕಚ್ಚುತ್ತದೆ, ಜೋರಾಗಿ ತಿರುಗುವುದು ಜಾರುತ್ತದೆ. ಮಣ್ಣು ಬೆಲ್ಲದ ಹೆಂಟೆಗಳಂತೆ ಚೂರುಚೂರಾಗಿ ಮೇಲೆ ಬರತೊಡಗಿತು. ಗುಂಡಿಗೆ ಎರಡು, ಹೆಚ್ಚೆಂದರೆ ಮೂರು ನಿಮಿಷ. ಮೊದಲ ದಿನ 96 ಗುಂಡಿಗಳಾದವು. ಎರಡನೆಯ ದಿನ 70 ಆದವು. ಆ ದಿನ ಬೆಳಗ್ಗೆಯೇ ನಮ್ಮದೇ ಬೋರ್‌ವೆಲ್ಲಿನ ಪೈಪ್‌ಲೈನನ್ನು ಬಿಟ್ ಕತ್ತರಿಸಿದ್ದರಿಂದ ಒಂದು ತಾಸು ಅದಕ್ಕೆ ಹೋಯಿತು. ಪೈಪ್ ಎಲ್ಲಿ ಹಾದುಹೋಗಿದೆ ಎಂಬುದು ಅಪ್ಪನಿಗೆ ಗೊತ್ತಿತ್ತು, ಕೇಳುವುದು ನನಗೆ ಹೊಳೆದಿರಲಿಲ್ಲ. ಹೊಲದ ಮೇಲ್ತಲೆಯಲ್ಲಿ ಮಸಾರಿ (ಕೆಂಪು ಮಣ್ಣು) ಬೆರೆತು, ಒಂದೂವರೆ ಅಡಿಗೇ ಗುಂಡುಗಲ್ಲು ತಾಗುವ ಐದು ಜಾಗಗಳಲ್ಲಿ ಬಿಟ್ ಕುಣಿಯತೊಡಗಿದಾಗ ಯಂತ್ರವನ್ನು ಬಿಟ್ಟು ಹಾರಿ ಹಿಡಿದೆವು.

ಗುಂಡಿ ಆದೊಡನೆ ಕಂಬ ಇಳಿಸುವಂತಿರಲಿಲ್ಲ. ಹದದಲ್ಲಿದ್ದ ಮಣ್ಣನ್ನೂ ತಿರುಗುವ ಬಿಟ್ ಸವರಿ ಗುಂಡಿಯ ಗೋಡೆಯನ್ನು ಮಡಕೆಯ ಒಳಮೈಯಂತೆ ನುಣುಪು ಮಾಡಿರುತ್ತದೆ. ಅದರೊಳಗೆ ತುಂಬಿದ ಗರಸಾಗಲಿ ಕಾಂಕ್ರೀಟಾಗಲಿ ಗೋಡೆಗೆ ಹಿಡಿತ ಪಡೆಯುವುದಿಲ್ಲ, ನೀರು ಬಿದ್ದರೆ ಬಾವಿಯಂತೆ ನಿಲ್ಲುತ್ತದೆ. ಒಬ್ಬ ಆಳು ಹಾರಿಯಿಂದ ಪ್ರತಿ ಗುಂಡಿಯ ಗೋಡೆಯನ್ನು ಮೇಲಿಂದ ಕೆಳಗೆ ಕೆತ್ತಿ ಒರಟು ಮಾಡಿದ. ನಂತರ ಮೂರು ಇಂಚು ಗರಸು ಹಾಸಿ, ಕಂಬ ಇಳಿಸಿ, ತೂಕದ ಗುಂಡಿನಿಂದ ನೆಟ್ಟಗೆ ನೋಡಿ, ಅರ್ಧ ಅಡಿಗೊಂದು ಪದರದಂತೆ ಗರಸು ತುಂಬಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಹಾರಿಯ ಹಿಂಬದಿಯಿಂದ ಕುಟ್ಟಿದೆವು. ಎಲ್ಲ ಸಾಲುಗಳಿಗೆ ಎರಡು ಟ್ರ್ಯಾಲಿ ಗರಸು ಬೇಕಾಯಿತು. ತೆಗೆದ ಎರಿ ಮಣ್ಣನ್ನು ಒಳಗೆ ಹಾಕಲಿಲ್ಲ. ಮೇಲೆ ಕಂಬದ ಬುಡಕ್ಕೆ ದಿಬ್ಬದಂತೆ ಏರಿಸಿ, ಮಳೆನೀರು ಹೊರಕ್ಕೆ ಹರಿಯುವಂತೆ ಮಾಡಿದೆವು. ಮೂಲೆ ಮತ್ತು ಗೇಟಿನ ಕಂಬಗಳಿಗೆ ಮಾತ್ರ ಹನ್ನೆರಡು ಇಂಚಿನ ಗುಂಡಿಯಲ್ಲಿ ಒಂದು ಪಾಲು ಸಿಮೆಂಟಿಗೆ ಮೂರು ಮರಳು, ಆರು ಜಲ್ಲಿಯ ಕಾಂಕ್ರೀಟ್ ಹಾಕಿದೆವು. ಕಾಂಕ್ರೀಟನ್ನು ನೆಲದ ಮೇಲೆ ಅಣಬೆಯ ತಲೆಯಂತೆ ಹರಡಲು ಮೇಸ್ತ್ರಿ ಇಷ್ಟಪಟ್ಟ. ಎರಿ ನೆಲ ಉಬ್ಬಿದಾಗ ಆ ತಲೆಯನ್ನೇ ಹಿಡಿದು ಕಂಬವನ್ನು ಮೇಲಕ್ಕೆತ್ತುತ್ತದೆ ಎಂದು ಹೇಳಿ ಅವನನ್ನು ಒಪ್ಪಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಇದಾದ ಮೇಲೆ ಒಂದು ಪೂರ್ತಿ ಬೇಸಿಗೆ ಕಳೆದಿದೆ. ಈ ಸಲದ ಯುಗಾದಿಯ ಮರುದಿನ ತೂಕದ ಗುಂಡು ಹಿಡಿದು ಬೇಲಿಯ ಸುತ್ತ ನಡೆದೆ. ನೆಲ ಮತ್ತೆ ಬಾಯಿ ಬಿಟ್ಟಿತ್ತು. ಗರಸು ತುಂಬಿದ ಕಂಬಗಳ ಸುತ್ತ ಬಿರುಕು ಗರಸಿನ ಹೊರ ಅಂಚಿನಲ್ಲಿತ್ತು, ಕಂಬಗಳು ಅಲುಗಿರಲಿಲ್ಲ. ಗುಂಡುಗಲ್ಲಿನ ಜಾಗದ ಎರಡು ಮಾತ್ರ ಸ್ವಲ್ಪ ವಾಲಿದ್ದವು, ಅಲ್ಲಿ ಆಳವೇ ಸಾಕಾಗಿರಲಿಲ್ಲ. ಮೊದಲ ದಿನ ಎರಿ ಹೆಂಟೆ ತುಂಬಿ ನಿಲ್ಲಿಸಿದ ಏಳೂ ಕಂಬಗಳ ಬುಡದಲ್ಲಿ ಎರಡು ಬೆರಳು ಹೋಗುವಷ್ಟು ಸಂದು ಬಿಟ್ಟಿತ್ತು, ಕೈಯಿಂದ ತಳ್ಳಿದರೆ ತಂತಿಯ ಜೊತೆಗೆ ಓಲಾಡುತ್ತಿದ್ದವು. ಅವುಗಳನ್ನು ರೋಹಿಣಿ ಮಳೆಯ ನಂತರ ಕಿತ್ತು ಮತ್ತೆ ನಿಲ್ಲಿಸಬೇಕು. ಅರ್ಧ ಟ್ರ್ಯಾಲಿ ಗರಸನ್ನು ಈಗಲೇ ತರಿಸಿ ಬದುವಿನ ಮೇಲೆ ಹಾಕಿಸಿದ್ದೇನೆ.